ಕಪ್ಪು-ಬಿಳುಪಿನ ಹಾಲಿವುಡ್ ಚಿತ್ರಗಳು ಹೊಸ ಟಿವಿಯಲ್ಲಿ ಯಾಕೆ ಹಾಗೆ ಕಾಣುತ್ತವೆ?

ಪ್ರಶ್ನೆ: ನನ್ನ ತಂದೆಗೆ 78 ವರ್ಷ. ಓದುವ ಕಾಲದಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾದಲ್ಲಿ ಇಂಗ್ಲಿಷ್ ಸಿನಿಮಾ ನೋಡಿ ಬೆಳೆದವರು. ಹಂಫ್ರಿ ಬೋಗಾರ್ಟ್, ಇಂಗ್ರಿಡ್ ಬರ್ಗ್‌ಮನ್, ಬೆಟಿ ಡೇವಿಸ್ ಹೆಸರೆತ್ತಿದರೆ ಈಗಲೂ ಮುಖ ಅರಳುತ್ತದೆ. ಮೈಸೂರಿನ ನಮ್ಮ ಮನೆಗೆ ಈಚೆಗೆ 55 ಇಂಚಿನ ಟಿವಿ ತಂದು ‘ಕಾಸಾಬ್ಲಾಂಕಾ’ ಹಾಕಿದೆವು. ಅಪ್ಪ ಹತ್ತೇ ನಿಮಿಷಕ್ಕೆ ಎದ್ದುಹೋದರು. ‘ಇದು ಸಿನಿಮಾ ಥರ ಇಲ್ಲ, ಧಾರಾವಾಹಿ ಥರ ಇದೆ’ ಅಂದರು. ನಮಗೂ ಅನುಮಾನಗಳಿವೆ. ಪರದೆಯ ಎಡ-ಬಲಕ್ಕೆ ಅಗಲವಾದ ಕಪ್ಪು ಪಟ್ಟಿ. ಬಿಳಿ ಬಣ್ಣ ನೀಲಿ ಹೊಡೆಯುತ್ತದೆ. ನಾಯಕಿಯ ಮುಖ ಹತ್ತಿರ ತೋರಿಸಿದಾಗಲೆಲ್ಲ ಮಸುಕು. ನನ್ನ ಮಗ ಇಂಟರ್‌ನೆಟ್‌ನಲ್ಲಿ ಹಳೆಯ ಚಿತ್ರಗಳ ಬಣ್ಣದ ಪ್ರತಿಗಳನ್ನು ಹುಡುಕಿದ್ದಾನೆ. ‘4ಕೆ, 60 ಫ್ರೇಮ್’ ಎಂದು ಬರೆದಿದೆ, ಅವೇ ಚೆನ್ನಾಗಿವೆ ಅನ್ನುತ್ತಾನೆ. ಹಳೆಯ ಫಿಲ್ಮ್ ಹಾಳಾಗಿದೆಯೇ, ನಮ್ಮ ಟಿವಿಯೇ ಸರಿಯಿಲ್ಲವೇ? ಬಣ್ಣದ್ದನ್ನೇ ತೋರಿಸಬಹುದೇ?

ಉತ್ತರ: ನಿಮ್ಮ ತಂದೆಯವರ ಕಣ್ಣು ಸರಿಯಾಗಿಯೇ ಇದೆ. ಅವರು ಗುರುತಿಸಿದ್ದು ನಿಜವಾದ ದೋಷವನ್ನು. ನೀವು ಹೇಳಿದ ನಾಲ್ಕರಲ್ಲಿ ಧಾರಾವಾಹಿಯಂತೆ ಕಾಣುವುದು, ನೀಲಿ ಹೊಡೆಯುವುದು ಇವೆರಡೂ ಟಿವಿಯ ಸೆಟ್ಟಿಂಗ್‌ನಿಂದ ಬಂದವು. ಕಪ್ಪು ಪಟ್ಟಿ ದೋಷವೇ ಅಲ್ಲ. ಮಸುಕಾದ ಮುಖವಂತೂ ಛಾಯಾಗ್ರಾಹಕರು ಬೇಕೆಂದೇ ಮಾಡಿದ ಕೆಲಸ. ಹಳೆಯ ಚಿತ್ರಗಳ ಮೇಲೆ ನಾವು ಹೊರಿಸುವ ‘ಹಳತನ’ದ ಬಹುಪಾಲು ಕೆಟ್ಟ ಪ್ರತಿಯಿಂದಲೋ ಹೊಸ ಟಿವಿಯಿಂದಲೋ ಬಂದದ್ದು. 1942ರಲ್ಲಿ ಚಿತ್ರಮಂದಿರದಲ್ಲಿ ಕೂತವರು ಕಂಡ ಚಿತ್ರ ಇಷ್ಟು ಬಡವಾಗಿರಲಿಲ್ಲ.

ಮೊದಲು ಧಾರಾವಾಹಿಯ ವಿಷಯ. ಮಾತಿನ ಚಿತ್ರಗಳು ಬಂದಾಗಿನಿಂದ ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ನಂತೆ, ಅಂದರೆ 24 ಬಿಡಿ ಚಿತ್ರಗಳಂತೆ ಓಡುತ್ತದೆ. ನಮ್ಮ ಟಿವಿ ಪ್ರಸಾರ ಮೊದಲಿನಿಂದಲೂ ಸೆಕೆಂಡಿಗೆ 50 ಬಾರಿ ಚಿತ್ರ ಬದಲಿಸುವ ಪದ್ಧತಿಯದು. ಹೀಗಾಗಿ 24ರ ಓಟ ಕಂಡರೆ ಮನಸ್ಸು ಅದನ್ನು ಸಿನಿಮಾ ಎಂದು ಓದುತ್ತದೆ, 50–60ರ ನುಣುಪು ಕಂಡರೆ ಸ್ಟುಡಿಯೊ ವಿಡಿಯೊ ಎಂದು ಓದುತ್ತದೆ. ಈಗಿನ ಟಿವಿಗಳು ಎರಡು ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮ್‌ಗಳನ್ನು ಊಹಿಸಿ ತುಂಬುತ್ತವೆ. ಕ್ರಿಕೆಟ್‌ನಲ್ಲಿ ಚೆಂಡಿನ ಜಾಡು ಚೆನ್ನಾಗಿ ಕಾಣಲಿ ಎಂದು ಮಾಡಿದ ಏರ್ಪಾಡು ಅದು. ಸಿನಿಮಾಕ್ಕೆ ತಗುಲಿದರೆ ಬೋಗಾರ್ಟ್ ಸಿಗರೇಟು ಹಚ್ಚುವ ಕೈ ಎಣ್ಣೆಯಲ್ಲಿ ಜಾರಿದ ಹಾಗೆ ಚಲಿಸುತ್ತದೆ, ಬೇಗ ತಿರುಗಿದ ಮುಖದ ಅಂಚಿನಲ್ಲಿ ಸಣ್ಣ ಕಲಕು ಏಳುತ್ತದೆ.

ಇದನ್ನು ಆಫ್ ಮಾಡಬೇಕು. ಹೆಸರು ಮಾತ್ರ ಕಂಪನಿಗೊಂದು. ಸ್ಯಾಮ್‌ಸಂಗ್‌ನಲ್ಲಿ ‘ಆಟೊ ಮೋಷನ್ ಪ್ಲಸ್’ ಅಥವಾ ‘ಪಿಕ್ಚರ್ ಕ್ಲ್ಯಾರಿಟಿ’, ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’. ಪಿಕ್ಚರ್ ಸೆಟ್ಟಿಂಗ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಸಿಗುತ್ತದೆ. ಪೂರ್ತಿ ಆಫ್ ಮಾಡಿದ ಮೇಲೆ ಕ್ಯಾಮೆರಾ ನಿಧಾನವಾಗಿ ಅಡ್ಡಡ್ಡ ಚಲಿಸುವ ದೃಶ್ಯಗಳಲ್ಲಿ ಸ್ವಲ್ಪ ಗುಡುಗುಡು ಕುಲುಕಾಟ ಕಾಣಬಹುದು. 24 ಫ್ರೇಮ್‌ಗಳನ್ನು ಸೆಕೆಂಡಿಗೆ 60 ಬಾರಿ ಮಿನುಗುವ ಪರದೆಗೆ ಸಮನಾಗಿ ಹಂಚಲು ಬರುವುದಿಲ್ಲ, ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬೀಳುತ್ತದೆ, ಅದಕ್ಕೇ ಹಾಗೆ. ಕಣ್ಣಿಗೆ ಕಿರಿಕಿರಿಯಾದರೆ ಕಸ್ಟಮ್ ಆಯ್ದು ‘ಜಡರ್’ ಎಂದಿರುವುದನ್ನು 10ರಲ್ಲಿ 2ರವರೆಗೆ ಏರಿಸಿ. ಅದಕ್ಕಿಂತ ಮೇಲೆ ಹೋದರೆ ಧಾರಾವಾಹಿ ಮರಳಿ ಬರುತ್ತದೆ.

ಬಹಳ ಮನೆಗಳಲ್ಲಿ ಆಗುವ ತಪ್ಪು ಇನ್ನೊಂದಿದೆ. ಹಲವು ಟಿವಿಗಳಲ್ಲಿ ಒಳಗಿನ ಆ್ಯಪ್‌ಗೆ ಮಾಡಿದ ಸೆಟ್ಟಿಂಗ್ ಎಚ್‌ಡಿಎಂಐಗೆ ಸಿಕ್ಕಿಸಿದ ಸ್ಟಿಕ್‌ಗೋ ಪ್ಲೇಯರ್‌ಗೋ ಅನ್ವಯಿಸುವುದಿಲ್ಲ. ಪ್ರತಿ ಇನ್‌ಪುಟ್‌ಗೂ ಬೇರೆ ನೆನಪು. ಯಾವುದರಿಂದ ಸಿನಿಮಾ ಹಾಕುತ್ತೀರೋ ಅದರಲ್ಲೇ ಚಿತ್ರ ಓಡುತ್ತಿರುವಾಗ ಮೆನು ತೆರೆಯಿರಿ.

ನಿಮ್ಮ ಟಿವಿಯಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಈ ತೊಡಕೆಲ್ಲ ಒಂದೇ ಗುಂಡಿಗೆ ಮುಗಿಯುತ್ತದೆ. ನುಣುಪು, ಅತಿ ಮೊನಚು, ಬಣ್ಣದ ಅಬ್ಬರ ಮೂರನ್ನೂ ಅದು ಕೈಬಿಡುತ್ತದೆ, ಚಿತ್ರದ ಮೂಲ ಆಕಾರವನ್ನು ಉಳಿಸುತ್ತದೆ. ಇಲ್ಲದಿದ್ದರೆ ‘ಸಿನಿಮಾ’ ಅಥವಾ ‘ಮೂವಿ’ ಮೋಡ್. ಅಂಗಡಿಯಿಂದ ಬಂದ ‘ವಿವಿಡ್’ನಲ್ಲಿ ಮಾತ್ರ ಬಿಡಬೇಡಿ. ನೀಲಿ ಹೊಡೆಯುವುದು ಅದರಿಂದಲೇ. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎದ್ದು ಕಾಣಲೆಂದು ಬಿಳಿಗೆ ನೀಲಿ ಬೆರೆಸಿರುತ್ತಾರೆ. ಬಣ್ಣದ ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ, ಬಿಳಿ-ಬೂದು-ಕಪ್ಪು ಮಾತ್ರ ಇರುವ ಚಿತ್ರದಲ್ಲಿ ರಾಚುತ್ತದೆ. ಕಲರ್ ಟೆಂಪರೇಚರನ್ನು ‘ವಾರ್ಮ್’ಗೆ, ವಾರ್ಮ್ 1 ಮತ್ತು 2 ಎರಡೂ ಇದ್ದರೆ 2ಕ್ಕೆ ಇಡಿ. ಮೊದಲ ಐದು-ಹತ್ತು ನಿಮಿಷ ಹಳದಿ ಅನ್ನಿಸುತ್ತದೆ. ತಾಳ್ಮೆಯಿಂದ ಕೂತರೆ ಕಣ್ಣು ಹೊಂದಿಕೊಂಡು ಬಿಳಿ ಬಿಳಿಯಾಗಿಯೇ ಕಾಣುತ್ತದೆ. ಶಾರ್ಪ್‌ನೆಸ್ ತಗ್ಗಿಸಿ: ಎಲ್‌ಜಿ, ಸ್ಯಾಮ್‌ಸಂಗ್‌ನಲ್ಲಿ 0ಯಿಂದ 10ರೊಳಗೆ, ಸೋನಿಯಲ್ಲಿ ನಡುವಿನ 50.

ತಂದೆಯವರ ವಯಸ್ಸಿಗೆ ಈ ಮೋಡ್ ಮಂಕು ಅನ್ನಿಸಬಹುದು. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು, ಅದು ಸಹಜ. ಆಗ ಏರಿಸಬೇಕಾದದ್ದು ‘ಬ್ಯಾಕ್‌ಲೈಟ್’ ಅನ್ನು, ಓಎಲ್‌ಇಡಿ ಬಗೆಯ ಟಿವಿ ಆದರೆ ‘ಪಿಕ್ಸೆಲ್ ಬ್ರೈಟ್‌ನೆಸ್’ ಅನ್ನು. ಬರೀ ‘ಬ್ರೈಟ್‌ನೆಸ್’ ಎಂದಿರುವುದನ್ನು ಹಲವು ಟಿವಿಗಳಲ್ಲಿ ಏರಿಸಿದರೆ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ರಾತ್ರಿಯ ದೃಶ್ಯಗಳ ಪ್ರಾಣವೇ ಕಪ್ಪು, ಅದು ಹೋದರೆ ಚಿತ್ರ ಹೋಯಿತು.

ಇನ್ನೊಂದು ಸಣ್ಣ ಉಪಾಯ. ಕಪ್ಪು-ಬಿಳುಪು ಚಿತ್ರ ಹಾಕಿದಾಗ ‘ಕಲರ್’ ಅನ್ನು ಸೊನ್ನೆಗೆ ಇಳಿಸಿ. ಇಂಟರ್‌ನೆಟ್ ಪ್ರತಿಗಳಲ್ಲಿ ಹಸಿರು, ನೇರಳೆ ಕಲೆಗಳು ಸೇರಿಕೊಂಡಿದ್ದರೆ ಒರೆಸಿದಂತೆ ಹೋಗುತ್ತವೆ. ಮೂಕಿ ಚಿತ್ರಗಳಿಗೆ ಮಾತ್ರ ಹೀಗೆ ಮಾಡಬಾರದು. ಆ ಕಾಲದಲ್ಲಿ ರಾತ್ರಿಯ ದೃಶ್ಯದ ಫಿಲ್ಮನ್ನು ನೀಲಿ ಬಣ್ಣದಲ್ಲಿ, ದೀಪದ ಬೆಳಕಿನ ಕೋಣೆಯನ್ನು ಜೇನಿನ ಬಣ್ಣದಲ್ಲಿ, ಬೆಂಕಿಯನ್ನು ಕೆಂಪಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಆ ಬಣ್ಣ ಚಿತ್ರದ ಭಾಗ.

ಕಪ್ಪು ಪಟ್ಟಿಗೆ ಬರೋಣ. 1932ರಿಂದ 1953ರವರೆಗೆ ಹಾಲಿವುಡ್ ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.37ಕ್ಕೆ 1, ಹೆಚ್ಚುಕಡಿಮೆ ಚೌಕ. ಈಗಿನ ಟಿವಿ 1.78ಕ್ಕೆ 1. ನಿಮ್ಮ 55 ಇಂಚಿನ ಪರದೆ ಸುಮಾರು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ. ‘ಕಾಸಾಬ್ಲಾಂಕಾ’ ಅದರಲ್ಲಿ 94 ಸೆಂ.ಮೀ. ಅಗಲಕ್ಕೆ ಕೂರುತ್ತದೆ, ಎರಡೂ ಬದಿಗೆ ತಲಾ 14 ಸೆಂ.ಮೀ. ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಎಳೆದರೆ ಮುಖಗಳು ಶೇ 30ರಷ್ಟು ಅಗಲವಾಗುತ್ತವೆ. ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಶೇ 23 ಕತ್ತರಿಸಿಹೋಗುತ್ತದೆ. ಹೋಗುವುದು ಹಣೆ, ಟೋಪಿ, ಮೇಜಿನ ಮೇಲಿನ ಕೈ. ಬೆಟಿ ಡೇವಿಸ್ ತಮ್ಮ ಅಭಿನಯದ ಅರ್ಧವನ್ನು ಕೈಗಳಲ್ಲಿ ಮಾಡುತ್ತಿದ್ದವರು, ಆ ಕೈಗಳನ್ನು ಕತ್ತರಿಸಿ ಏನು ನೋಡುವುದು? ಅಷ್ಟಕ್ಕೂ ಹಳೆಯದೆಲ್ಲ ಚೌಕವಲ್ಲ. 1960ರ ‘ದಿ ಅಪಾರ್ಟ್‌ಮೆಂಟ್’ ಕಪ್ಪು-ಬಿಳುಪಿನದೇ, ಆದರೆ ಅದರ ಚೌಕಟ್ಟು ಟಿವಿಗಿಂತ ಅಗಲ. ಪಟ್ಟಿ ಮೇಲೆ-ಕೆಳಗೆ ಬರುತ್ತದೆ. ಪಿಕ್ಚರ್ ಸೈಜನ್ನು ‘ಒರಿಜಿನಲ್’ ಅಥವಾ 16:9ರಲ್ಲಿ ಬಿಟ್ಟರೆ ಪಟ್ಟಿ ಎಲ್ಲಿ ಬರಬೇಕೋ ಅಲ್ಲಿ ಬರುತ್ತದೆ. ಕೋಣೆಯ ದೀಪ ತಗ್ಗಿಸಿದರೆ ಹತ್ತು ನಿಮಿಷದಲ್ಲಿ ಪಟ್ಟಿಯ ನೆನಪೂ ಇರುವುದಿಲ್ಲ.

ಈಗ ಮಸುಕಾದ ಮುಖ. ನೀವು ಕೇಳಿದ್ದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

‘ಕಾಸಾಬ್ಲಾಂಕಾ’ದಲ್ಲಿ ಮೊದಲ ಅರ್ಧ ಗಂಟೆಯ ಆಸುಪಾಸಿಗೆ ಬರ್ಗ್‌ಮನ್‌ರ ಪಾತ್ರ ಇಲ್ಸಾ ಪಿಯಾನೊ ಬಳಿ ಕೂತು ಹಳೆಯ ಹಾಡೊಂದನ್ನು ನುಡಿಸು ಎಂದು ಪಿಯಾನೊ ವಾದಕ ಸ್ಯಾಮ್‌ನನ್ನು ಕೇಳುತ್ತಾಳೆ. ಹಾಡು ಶುರುವಾದ ಮೇಲೆ ಕ್ಯಾಮೆರಾ ಬರ್ಗ್‌ಮನ್ ಮುಖದ ಮೇಲೇ ನಿಂತುಬಿಡುತ್ತದೆ. ಅಲ್ಲಿ ನಿಲ್ಲಿಸಿ ನೋಡಿ. ಕೆನ್ನೆಯ ಅಂಚು ಹಿನ್ನೆಲೆಯೊಳಗೆ ಕರಗಿದೆ, ಕೂದಲಿಗೆ ಸಣ್ಣ ಪ್ರಭೆ. ಆದರೆ ಎರಡು ಕಣ್ಣೊಳಗೂ ಚುಕ್ಕಿಯಂಥ ಹೊಳಪು ತಿಳಿಯಾಗಿ ಉಳಿದಿದೆ. ಛಾಯಾಗ್ರಾಹಕ ಆರ್ಥರ್ ಎಡಿಸನ್ ಲೆನ್ಸಿನ ಮುಂದೆ ತೆಳು ಬಲೆಯ ಫಿಲ್ಟರ್ ಇಟ್ಟು ಅಂಚನ್ನು ಮೆದುಗೊಳಿಸಿದರು. ಕಣ್ಣಿನ ಹೊಳಪಿಗೆಂದೇ ಬೇರೆ ಸಣ್ಣ ದೀಪ. ಬರ್ಗ್‌ಮನ್ ತಮಗೆ ಒಪ್ಪುತ್ತದೆಂದು ನಂಬಿದ್ದ ಎಡಗಡೆಯ ಮುಖವೇ ಹೆಚ್ಚಾಗಿ ಕ್ಯಾಮೆರಾಗೆ. ಕಣ್ಣೀರು ಇನ್ನೂ ಬಂದಿಲ್ಲ, ಆದರೆ ಬಂದೇಬಿಡುತ್ತದೆ ಅನ್ನಿಸುವುದು ಆ ಎರಡು ಚುಕ್ಕಿಗಳಿಂದ. ಅದೇ ಚಿತ್ರದಲ್ಲಿ ಬೋಗಾರ್ಟ್ ಮುಖಕ್ಕೆ ಬಲೆ ಇಲ್ಲ, ಗೆರೆಗಳೆಲ್ಲ ಬಿಡಿಸಿ ಕಾಣುತ್ತವೆ. ನಿಮ್ಮ ಪ್ರತಿ ಒಳ್ಳೆಯದೋ ಕೆಟ್ಟದ್ದೋ ತಿಳಿಯಲು ಇದೇ ಪರೀಕ್ಷೆ: ಬರ್ಗ್‌ಮನ್ ಮೆದು, ಬೋಗಾರ್ಟ್ ಮೊನಚು ಇದ್ದರೆ ಎಲ್ಲ ಸರಿಯಾಗಿದೆ. ಇಬ್ಬರೂ ಮಸುಕಾಗಿದ್ದರೆ ಪ್ರತಿ ಕೆಟ್ಟದ್ದು. ಇಬ್ಬರೂ ಮೇಣದ ಬೊಂಬೆಗಳಂತೆ ನುಣ್ಣಗಿದ್ದರೆ ಯಾರೋ ಕಂಪ್ಯೂಟರಿನಲ್ಲಿ ಫಿಲ್ಮಿನ ಕಣಗಳನ್ನು ಉಜ್ಜಿ ತೆಗೆದಿದ್ದಾರೆ.

ಆ ಕಣಗಳನ್ನು ಕೊಳೆ ಎಂದು ತಿಳಿಯಬೇಡಿ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಕಣ ತೆಗೆದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ ಎಲ್ಲ ಅದರೊಂದಿಗೇ ಹೋಗುತ್ತವೆ. ಟಿವಿಯ ‘ನಾಯ್ಸ್ ರಿಡಕ್ಷನ್’ ಕೂಡ ಇದೇ ಕೆಲಸ ಮಾಡುತ್ತದೆ, ಆಫ್ ಮಾಡಿಡಿ.

ತಾರೆಯ ಮುಖವನ್ನು ಬೆಳಕಿನಿಂದ ಕಟ್ಟುವುದು ಆ ಕಾಲದ ಸ್ಟುಡಿಯೊಗಳ ದೊಡ್ಡ ವಿದ್ಯೆ. 1932ರ ‘ಶಾಂಘಾಯ್ ಎಕ್ಸ್‌ಪ್ರೆಸ್’ನಲ್ಲಿ ಮಾರ್ಲೀನ್ ಡೀಟ್ರಿಚ್‌ಗೆ ಮುಖ್ಯ ದೀಪ ಎದುರಿನಿಂದಲೇ, ಆದರೆ ಬಹಳ ಎತ್ತರದಿಂದ ಬೀಳುತ್ತದೆ. ಮೂಗಿನ ಕೆಳಗೆ ಚಿಟ್ಟೆಯ ಆಕಾರದ ಪುಟ್ಟ ನೆರಳು, ಕೆನ್ನೆಯಲ್ಲಿ ಗುಳಿ. ಆ ಗುಳಿ ದೀಪ ಕೊಟ್ಟದ್ದು. ನಿರ್ದೇಶಕ ಸ್ಟರ್ನ್‌ಬರ್ಗ್, ಛಾಯಾಗ್ರಹಣಕ್ಕೆ ಲೀ ಗಾರ್ಮ್ಸ್‌ಗೆ ಆಸ್ಕರ್ ಬಂತು. ಮುಂಬೈಯಲ್ಲಿ ಹುಟ್ಟಿ ಕೋಲ್ಕತ್ತದಲ್ಲಿ ಬೆಳೆದ ಮರ್ಲ್ ಒಬೆರಾನ್ ಹಾಲಿವುಡ್‌ನಲ್ಲಿ ತಮ್ಮ ಭಾರತೀಯ ಮೂಲವನ್ನು ಬದುಕಿನುದ್ದಕ್ಕೂ ಮುಚ್ಚಿಟ್ಟು ಟಾಸ್ಮೇನಿಯಾದವಳೆಂದು ಹೇಳಿಕೊಳ್ಳಬೇಕಾಯಿತು. 1937ರ ಕಾರು ಅಪಘಾತದಿಂದ ಅವರ ಮುಖದಲ್ಲಿ ಗಾಯದ ಗುರುತು ಉಳಿದಿತ್ತು. 1944ರ ‘ದಿ ಲಾಡ್ಜರ್’ ಚಿತ್ರಕ್ಕಾಗಿ ಛಾಯಾಗ್ರಾಹಕ ಲೂಸಿಯನ್ ಬಲಾರ್ಡ್ ಕ್ಯಾಮೆರಾಗೆ ಅಂಟಿಕೊಂಡಂತೆ ಒಂದು ದೀಪ ಇಟ್ಟರು. ಬೆಳಕು ನೇರವಾಗಿ ಮುಖಕ್ಕೆ ಬಿದ್ದರೆ ಗುರುತಿಗೆ ನೆರಳು ಬೀಳುವುದಿಲ್ಲ, ನೆರಳಿಲ್ಲದಿದ್ದರೆ ಗುರುತೂ ಕಾಣುವುದಿಲ್ಲ. ಆ ದೀಪಕ್ಕೆ ಇವತ್ತಿಗೂ ‘ಒಬಿ’ ಎಂದೇ ಹೆಸರು, ಒಬೆರಾನ್ ಹೆಸರಿನಿಂದ ಬಂದದ್ದು. ಇಂಥ ಮುಖಗಳನ್ನು ಟಿವಿಯ ಶಾರ್ಪ್‌ನೆಸ್ ಏರಿಸಿ ನೋಡಿದರೆ ಅವರು ಅಷ್ಟು ಕಷ್ಟಪಟ್ಟು ಕರಗಿಸಿದ ಅಂಚಿಗೆ ಬಿಳಿ ಗೆರೆ ಎಳೆದಂತಾಗುತ್ತದೆ.

ಬಣ್ಣದ ಪ್ರತಿಯ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಬಣ್ಣ ಸಿಗದ ಕಾಲದಲ್ಲಿ ಅನಿವಾರ್ಯವಾಗಿ ಕಪ್ಪು-ಬಿಳುಪಿನಲ್ಲಿ ತೆಗೆದರು ಎಂಬುದು ಅರ್ಧ ಸತ್ಯ. ಮೂರು ಪಟ್ಟಿಗಳ ಟೆಕ್ನಿಕಲರ್ ಎಂಬ ಬಣ್ಣದ ಪದ್ಧತಿಯಲ್ಲಿ ಪೂರ್ಣ ಪ್ರಮಾಣದ ಚಿತ್ರ 1935ರಲ್ಲೇ ಬಂದಿತ್ತು. ದುಬಾರಿ ಎಂಬ ಕಾರಣವಿತ್ತು, ನಿಜ. ಆದರೆ 1959ರ ‘ಸಮ್ ಲೈಕ್ ಇಟ್ ಹಾಟ್’ ಚಿತ್ರಕ್ಕೆ ಹಣದ ಅಡ್ಡಿ ಇರಲಿಲ್ಲ, ಮರಿಲಿನ್ ಮನ್ರೊಗೂ ಬಣ್ಣವೇ ಬೇಕಿತ್ತು. ಹೆಣ್ಣುವೇಷದ ಜ್ಯಾಕ್ ಲೆಮನ್, ಟೋನಿ ಕರ್ಟಿಸ್ ಮುಖದ ದಪ್ಪ ಮೇಕಪ್ ಬಣ್ಣದ ಪರೀಕ್ಷೆಯಲ್ಲಿ ಹಸಿರು ಹೊಡೆಯಿತು. ನಿರ್ದೇಶಕ ಬಿಲ್ಲಿ ವೈಲ್ಡರ್ ಕಪ್ಪು-ಬಿಳುಪನ್ನು ಆರಿಸಿಕೊಂಡರು. 1960ರ ‘ಸೈಕೊ’ದಲ್ಲಿ ಸ್ನಾನದ ಕೋಣೆಯ ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್, ಬೂದಿನ ಚಿತ್ರದಲ್ಲಿ ಅದು ರಕ್ತಕ್ಕಿಂತ ರಕ್ತವಾಗಿ ಕಂಡಿತು.

1938ರ ‘ಜೆಜೆಬೆಲ್’ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮದುವೆಯಾಗದ ಹುಡುಗಿಯರೆಲ್ಲ ಬಿಳಿ ಉಡುಪಿನಲ್ಲೇ ಬರಬೇಕಾದ ನೃತ್ಯಕೂಟಕ್ಕೆ ಬೆಟಿ ಡೇವಿಸ್‌ರ ಪಾತ್ರ ಹಟ ಹಿಡಿದು ಕೆಂಪು ಉಡುಪಿನಲ್ಲಿ ಬರುತ್ತದೆ. ಇಡೀ ಕಥೆ ಆ ಕೆಂಪಿನ ಮೇಲೆ ನಿಂತಿದೆ, ಚಿತ್ರ ಕಪ್ಪು-ಬಿಳುಪು. ಬಿಳಿಯ ಸಮುದ್ರದ ನಡುವೆ ಹೊಳೆಯುವ ಕಡುಬೂದು ಒಂದೇ ಒಂದು. ಅಕ್ಕಪಕ್ಕದ ಜೋಡಿಗಳು ಒಂದೊಂದಾಗಿ ನೆಲ ಬಿಟ್ಟು ಹಿಂದೆ ಸರಿಯುತ್ತವೆ, ಕೊನೆಗೆ ಅಷ್ಟಗಲ ನೆಲದಲ್ಲಿ ಆ ಕಡುಬೂದು ಮಾತ್ರ ಉಳಿಯುತ್ತದೆ. ನೋಡುವವರು ಕೆಂಪನ್ನೇ ಕಾಣುತ್ತಾರೆ. ಅಲ್ಲಿಗೆ ಕಂಪ್ಯೂಟರಿನಿಂದ ಕೆಂಪು ಬಳಿದರೆ ಹುಡುಗಿಯರ ಕೂದಲು, ಗೋಡೆ, ಪರದೆ, ಹೂವು ಎಲ್ಲಕ್ಕೂ ಬಣ್ಣ ಬರಬೇಕು, ಆಗ ಕೆಂಪು ಹತ್ತರಲ್ಲಿ ಒಂದಾಗುತ್ತದೆ.

ಈ ಜಗಳ ಹೊಸದೇನಲ್ಲ. 1986ರಲ್ಲಿ ಎಂಜಿಎಂ ಸ್ಟುಡಿಯೊದ ಚಿತ್ರಭಂಡಾರ ಕೊಂಡ ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಹಳೆಯ ಚಿತ್ರಗಳಿಗೆ ಬಣ್ಣ ಹಾಕಿಸತೊಡಗಿದರು, ‘ಕಾಸಾಬ್ಲಾಂಕಾ’ಕ್ಕೂ ಹಾಕಿಸಿದರು. ನಿರ್ದೇಶಕ ಜಾನ್ ಹ್ಯೂಸ್ಟನ್ ತೀವ್ರವಾಗಿ ವಿರೋಧಿಸಿದರು. ಅವರ ‘ದಿ ಅಸ್ಫಾಲ್ಟ್ ಜಂಗಲ್’ನ ಬಣ್ಣದ ಪ್ರತಿಯನ್ನು ಫ್ರಾನ್ಸಿನ ಟಿವಿಯಲ್ಲಿ ತೋರಿಸಬಾರದೆಂದು ಮಕ್ಕಳು ಹೂಡಿದ ಮೊಕದ್ದಮೆ 1991ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದಲ್ಲಿ ಕುಟುಂಬದ ಪರವಾಯಿತು. ‘ಸಿಟಿಜನ್ ಕೇನ್’ ಬಣ್ಣದಿಂದ ಪಾರಾದದ್ದು ಆರ್‌ಕೆಒ ಸ್ಟುಡಿಯೊ ಜೊತೆ ಅದರ ನಿರ್ದೇಶಕ ಆರ್ಸನ್ ವೆಲ್ಸ್ ಮಾಡಿಕೊಂಡಿದ್ದ ಒಪ್ಪಂದದಿಂದ. ನಮ್ಮಲ್ಲೂ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. ರಾಜಕುಮಾರ್ ಅವರನ್ನು ಹೊಸ ತಲೆಮಾರು ದೊಡ್ಡ ಪರದೆಯಲ್ಲಿ ನೋಡಿತು, ಆ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಹಕ್ಕುದಾರರು ಒಳ್ಳೆಯ ಪ್ರತಿ ಹಿಡಿದು ಕಲಾವಿದರನ್ನು ಕೂರಿಸಿ ಮಾಡಿಸಿದ ಕೆಲಸ ಒಂದು ಬಗೆ.

ನಿಮ್ಮ ಮಗ ತೋರಿಸಿದ್ದು ಬೇರೆ ಬಗೆ. ‘4ಕೆ, 60 ಫ್ರೇಮ್, ಬಣ್ಣ’ ಎಂದು ಬರುವ ಇಂಥ ಪ್ರತಿಗಳಲ್ಲಿ ಹೆಚ್ಚಿನವನ್ನು ಕಳಪೆ ಪ್ರತಿಯೊಂದನ್ನು ಸಾಫ್ಟ್‌ವೇರ್‌ಗೆ ಹಾಕಿ ತೆಗೆದಿರುತ್ತಾರೆ. ಚೆನ್ನಾಗಿದೆ ಅನ್ನಿಸುವುದು ಮೊದಲ ನೋಟಕ್ಕೆ. ಒಂದು ದೃಶ್ಯ ಹತ್ತಿರದಿಂದ ನೋಡಲು ಮಗನಿಗೆ ಹೇಳಿ. ಕೋಟು ತೊಟ್ಟವನು ಬೆಳಕಿನಿಂದ ನೆರಳಿಗೆ ನಡೆದರೆ ಕೋಟು ಕಂದಿನಿಂದ ನೀಲಿಗೆ ಜಾರುತ್ತದೆ. ಎಲ್ಲರ ಚರ್ಮಕ್ಕೂ ಒಂದೇ ಪೀಚ್ ಹಣ್ಣಿನ ಬಣ್ಣ. ಬೆರಳುಗಳ ತುದಿ ಬೂದು ಉಳಿದಿರುತ್ತದೆ. ದೂರದ ಮುಖಗಳಿಗೆ ಮೂಲದಲ್ಲಿ ಇಲ್ಲದ ರೆಪ್ಪೆ, ಹುಬ್ಬುಗಳನ್ನು ಸಾಫ್ಟ್‌ವೇರ್ ತಾನೇ ಬರೆದಿರುತ್ತದೆ, ಅಂದರೆ ನೀವು ನೋಡುತ್ತಿರುವುದು ಆ ನಟನ ಮುಖವೇ ಅಲ್ಲ. 60 ಫ್ರೇಮ್ ಎಂಬುದು ಟಿವಿಯಲ್ಲಿ ಆಫ್ ಮಾಡಲು ಹೇಳಿದೆನಲ್ಲ, ಅದೇ ನುಣುಪು. ಇಲ್ಲಿ ಅದು ಫೈಲಿನೊಳಗೇ ಬೆಸೆದಿರುವುದರಿಂದ ಆಫ್ ಮಾಡಲು ಬರುವುದಿಲ್ಲ.

ಹಾಗಾದರೆ ಬಣ್ಣದ್ದನ್ನು ತೋರಿಸಲೇಬಾರದೇ? ತಂದೆಯವರಿಗೆ ಬೇಡ, ಅವರ ನೆನಪಿನಲ್ಲಿರುವ ಚಿತ್ರ ಅದಲ್ಲ. ಮಕ್ಕಳು ಬಣ್ಣವಿದ್ದರೆ ಮಾತ್ರ ಕೂರುತ್ತೇವೆ ಎಂದರೆ ಹಕ್ಕುದಾರರೇ ಬಿಡುಗಡೆ ಮಾಡಿದ ಬಣ್ಣದ ಪ್ರತಿ ಸಿಗುವ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನಂಥದ್ದರಿಂದ ಶುರುಮಾಡಬಹುದು. ಅದರ ನಿರ್ದೇಶಕ ಫ್ರ್ಯಾಂಕ್ ಕಾಪ್ರಾ ಕೂಡ ಬಣ್ಣವನ್ನು ವಿರೋಧಿಸಿದವರೇ ಎಂಬುದನ್ನು ಮಕ್ಕಳಿಗೆ ಹೇಳಿ. ನೆರಳೇ ಕಥೆಯಾಗಿರುವ ಅಪರಾಧ ಚಿತ್ರಗಳನ್ನು ಮಾತ್ರ ಬಣ್ಣದಲ್ಲಿ ನೋಡಬೇಡಿ. ‘ಡಬಲ್ ಇಂಡೆಮ್ನಿಟಿ’ಯಲ್ಲಿ ಕಿಟಕಿಯ ಪಟ್ಟಿಪರದೆಯಿಂದ ಬೀಳುವ ಬೆಳಕಿನ ಗೆರೆಗಳಲ್ಲಿ ಧೂಳು ತೇಲುವುದು ಕಾಣಲೆಂದು ಛಾಯಾಗ್ರಾಹಕ ಜಾನ್ ಸೈಟ್ಜ್ ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ತೂರಿಸಿದ್ದರು. ಬಣ್ಣ ಹಾಕಿದರೆ ಆ ಕೋಣೆಯ ಉಸಿರುಗಟ್ಟುವ ಸೆಕೆ ಉಳಿಯುವುದಿಲ್ಲ.

ಟಿವಿ ಸರಿಹೋದ ಮೇಲೂ ಪ್ರತಿ ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಉಚಿತವಾಗಿ ಎಲ್ಲೆಡೆ ಸಿಗುವ ಹಳೆಯ ಚಿತ್ರಗಳು ಯಾಕೆ ಅಷ್ಟು ಕಳಪೆ ಎಂದರೆ, ಅಮೆರಿಕದಲ್ಲಿ ಆಗ ಹಕ್ಕುಸ್ವಾಮ್ಯವನ್ನು 28 ವರ್ಷಕ್ಕೆ ನವೀಕರಿಸಬೇಕಿತ್ತು. ‘ಹಿಸ್ ಗರ್ಲ್ ಫ್ರೈಡೇ’, ‘ಮೀಟ್ ಜಾನ್ ಡೋ’, ‘ಡಿಟೂರ್’ ಮುಂತಾದವನ್ನು ಯಾರೂ ನವೀಕರಿಸಲಿಲ್ಲ. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಕೂಡ 1974ರಲ್ಲಿ ಹೀಗೇ ಕೈತಪ್ಪಿತು, ಮೂಲ ಕಥೆ ಮತ್ತು ಸಂಗೀತದ ಹಕ್ಕಿನ ಬಲದಿಂದ 1993ರಲ್ಲಿ ಮತ್ತೆ ಹಿಡಿತಕ್ಕೆ ಬಂತು. ಹಕ್ಕಿಲ್ಲದ ಚಿತ್ರವನ್ನು ಯಾರು ಬೇಕಾದರೂ ಮಾರಬಹುದು, ಆದರೆ ಮೂಲ ನೆಗೆಟಿವ್ ಸ್ಟುಡಿಯೊದ ಉಗ್ರಾಣದಲ್ಲೇ ಇರುತ್ತದೆ. ಮಾರುವವರ ಕೈಗೆ ಸಿಗುವುದು ಟಿವಿ ಪ್ರಸಾರಕ್ಕೆಂದು 35 ಮಿ.ಮೀ.ನಿಂದ 16 ಮಿ.ಮೀ.ಗೆ ಇಳಿಸಿದ ಪ್ರತಿ, ಅದರಿಂದ ಟೇಪು, ಟೇಪಿನಿಂದ ಫೈಲು. ಒಂದೊಂದು ಮೆಟ್ಟಿಲಿಗೂ ನಡುವಿನ ಬೂದುಗಳು ಉದುರಿ ಬಿಳಿ ಸುಣ್ಣವಾಗುತ್ತದೆ, ಕಪ್ಪು ಇದ್ದಿಲಾಗುತ್ತದೆ. ‘ಎಚ್‌ಡಿ’ ಎಂಬ ಹಣೆಪಟ್ಟಿ ಫೈಲಿನ ಅಳತೆ ಹೇಳುತ್ತದೆಯೇ ಹೊರತು ಪ್ರತಿಯ ಗುಣವನ್ನಲ್ಲ.

ಕೊಳ್ಳುವ ಮೊದಲು, ಹಾಕುವ ಮೊದಲು ಎರಡು ನಿಮಿಷ ಪರೀಕ್ಷಿಸಿ. ಬೋಗಾರ್ಟ್‌ನ ಬಿಳಿ ಡಿನ್ನರ್ ಕೋಟಿನ ಕಾಲರಿನ ಮಡಿಕೆ, ಹೊಲಿಗೆ ಕಾಣಬೇಕು. ಬರೀ ಬಿಳಿ ತಟ್ಟೆಯಂತಿದ್ದರೆ ಆ ಪ್ರತಿ ಬೇಡ. ಆಮೇಲೆ ಅವಧಿ ನೋಡಿ. ‘ಕಾಸಾಬ್ಲಾಂಕಾ’ 102 ನಿಮಿಷ, ‘ಹಿಸ್ ಗರ್ಲ್ ಫ್ರೈಡೇ’ 92, ‘ಡಬಲ್ ಇಂಡೆಮ್ನಿಟಿ’ 107, ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 130. ಶೇ 4ರಷ್ಟು ಕಡಿಮೆಯಿದ್ದರೆ, ಅಂದರೆ 102ರ ಬದಲು 98 ಇದ್ದರೆ, ಅದು 24ರ ಬದಲು 25 ಫ್ರೇಮ್‌ನಲ್ಲಿ ಓಡಿಸಿದ ಪಾಲ್ (50ರ ಟಿವಿ ಪದ್ಧತಿಯ) ಡಿವಿಡಿಯ ಸಂತಾನ. ದೃಶ್ಯ ಏನೂ ಹೋಗಿರುವುದಿಲ್ಲ, ಧ್ವನಿ ಮಾತ್ರ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರಿರುತ್ತದೆ. ಮೂಲ ಧ್ವನಿಯನ್ನು ಚಿತ್ರಮಂದಿರದಲ್ಲಿ ಕೇಳಿದವರಿಗೆ ಅದು ಹಿಡಿಸುವುದಿಲ್ಲ. ಅದಕ್ಕಿಂತಲೂ ಕಡಿಮೆಯಿದ್ದರೆ ಕತ್ತರಿ ಬಿದ್ದಿದೆ. ಚಾಪ್ಲಿನ್‌ರ ‘ದಿ ಗೋಲ್ಡ್ ರಷ್’ ವಿಷಯ ಬೇರೆ: 1925ರ ಮೂಕಿ ಸುಮಾರು 95 ನಿಮಿಷ, 1942ರಲ್ಲಿ ಅವರೇ ತಮ್ಮ ಧ್ವನಿಯ ನಿರೂಪಣೆ ಸೇರಿಸಿ ಮೊಟಕುಮಾಡಿದ್ದು 72 ನಿಮಿಷ. ಎರಡೂ ಅಸಲಿ. ಮೂಕಿ ಚಿತ್ರದಲ್ಲಿ ಜನ ಇರುವೆಗಳಂತೆ ಸರಸರ ಓಡಾಡಿದರೆ ಅದು ಆ ಕಾಲದ ನಟನೆಯ ಶೈಲಿಯಲ್ಲ. ಕಡಿಮೆ ವೇಗದಲ್ಲಿ ತೆಗೆದದ್ದನ್ನು 24ಕ್ಕೆ ಓಡಿಸಿದ್ದಾರೆ ಅಷ್ಟೆ.

‘ಕಾಸಾಬ್ಲಾಂಕಾ’ದ ಮಟ್ಟಿಗೆ, ಸಾಧ್ಯವಿದ್ದರೆ 2022ರ 4ಕೆ ಡಿಸ್ಕ್ ಅಥವಾ ಅದೇ ಮರುಸ್ಥಾಪಿತ ಪ್ರತಿಯನ್ನು ಸ್ಟ್ರೀಮಿಂಗ್‌ನಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ. ಉಳಿದಿರುವ ಆ ಕಾಲದ ನೈಟ್ರೇಟ್ ಫಿಲ್ಮಿನಿಂದ ಸ್ಕ್ಯಾನ್ ಮಾಡಿದ್ದು ಅದು. ಹೀಗೆ ಉಳಿದಿರುವುದೇ ಭಾಗ್ಯ. ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತದೆ, ಇಟ್ಟಲ್ಲೇ ಅಂಟಾಗಿ ಪುಡಿಯಾಗುತ್ತದೆ. 1937ರಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿ ಫಾಕ್ಸ್ ಸಂಸ್ಥೆಯ ಉಗ್ರಾಣ ಸುಟ್ಟು ಅದರ ಮೂಕಿ ಚಿತ್ರಗಳ ಬಹುಪಾಲು ಹೋಯಿತು, ಥೀಡಾ ಬಾರಾ ಎಂಬ ದೊಡ್ಡ ತಾರೆಯ ಚಿತ್ರಗಳಲ್ಲಿ ಹೆಚ್ಚಿನವು ಇವತ್ತು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ವೂ ನಮಗೆ ಉಳಿದಿಲ್ಲ.

ಧ್ವನಿಯ ಬಗ್ಗೆ ನೀವು ಕೇಳಿಲ್ಲ, ಆದರೂ ತಂದೆಯವರಿಗಾಗಿ ಹೇಳುತ್ತೇನೆ. ಈ ಚಿತ್ರಗಳದ್ದು ಒಂದೇ ಚಾನೆಲ್‌ನ ಮೋನೊ ಧ್ವನಿ. ಟಿವಿಯ ‘ಸರೌಂಡ್’ ಪರಿಣಾಮ ಅದನ್ನು ಬಾವಿಯೊಳಗಿನ ಮಾತಿನಂತೆ ಮಾಡುತ್ತದೆ. ‘ಸ್ಟ್ಯಾಂಡರ್ಡ್’ಗೆ ಇಟ್ಟು, ‘ಕ್ಲಿಯರ್ ವಾಯ್ಸ್’ ಇದ್ದರೆ ಹಾಕಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಲು ಸಂಕೋಚ ಬೇಡ. ‘ಹಿಸ್ ಗರ್ಲ್ ಫ್ರೈಡೇ’ಯಲ್ಲಿ ಕ್ಯಾರಿ ಗ್ರಾಂಟ್, ರೋಸಲಿಂಡ್ ರಸೆಲ್ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ, ಕಿವಿ ಚುರುಕಾಗಿರುವವರಿಗೂ ಕಷ್ಟ.

ತಂದೆಯವರಿಗೆ ‘ಕಾಸಾಬ್ಲಾಂಕಾ’ ಮತ್ತೆ ಹಾಕಿ, ಆಮೇಲೆ ‘ಜೆಜೆಬೆಲ್’. ಮೊಮ್ಮಗ ಜೊತೆಗೆ ಕೂರಬೇಕೆಂದರೆ ‘ಸಮ್ ಲೈಕ್ ಇಟ್ ಹಾಟ್’ಗಿಂತ ಒಳ್ಳೆಯ ಬಾಗಿಲು ಇಲ್ಲ. ಮೈಸೂರಿನವರಾದ ನಿಮಗೆ ಇನ್ನೊಂದು: 1937ರ ‘ಎಲಿಫೆಂಟ್ ಬಾಯ್’. ಬ್ರಿಟಿಷ್ ಚಿತ್ರ ಅದು, ಆದರೆ ಅದರ ಹುಡುಗ ಸಾಬು ಎಚ್.ಡಿ. ಕೋಟೆ ಸೀಮೆಯ ಕಾರಾಪುರದ ಮಾವುತನ ಮಗ. ಅಲ್ಲಿಂದ ಹೊರಟು ಹಾಲಿವುಡ್ ತಾರೆಯಾದವರು. ಹೊರಾಂಗಣ ದೃಶ್ಯಗಳನ್ನು ರಾಬರ್ಟ್ ಫ್ಲಾಹರ್ಟಿ ಮೈಸೂರು ಸಂಸ್ಥಾನದಲ್ಲೇ ತೆಗೆದರು, ಉಳಿದದ್ದು ಇಂಗ್ಲೆಂಡಿನ ಸ್ಟುಡಿಯೊದಲ್ಲಿ. ಅದರ ಪ್ರತಿಗಳು ಹಲವು ಬಗೆಯವು. ಆನೆಯ ಸೊಂಡಿಲು ಹತ್ತಿರದಿಂದ ಕಾಣುವ ಯಾವುದಾದರೂ ದೃಶ್ಯ ಹಾಕಿ ನೋಡಿ. ಚರ್ಮದ ಸುಕ್ಕುಗಳು ಒಂದೊಂದಾಗಿ ಬಿಡಿಸಿ ಕಂಡರೆ ಆ ಪ್ರತಿ ಇಟ್ಟುಕೊಳ್ಳಿ, ಆನೆ ಬರೀ ಕಪ್ಪು ಗುಡ್ಡೆಯಂತೆ ಕಂಡರೆ ಬೇರೆ ಹುಡುಕಿ.